ಹೊನ್ನಿನ ಮೇಲೆ ಕೂತ ದೇವರು

ನಮ್ಮಜ್ಜಿಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ, ಪುಟ್ಟ ಗಂಟೆ, ಉದ್ಧರಣೆಗಳ ಜೊತೆಗೆ ಒಂದು ಹಣ ಇತ್ತು. ಹಣ ಅಂದರೆ ದುಡ್ಡು ಎಂಬ ಅರ್ಥದಲ್ಲಲ್ಲ, ಹಣ ಎಂಬ ಹೆಸರಿನ ಒಂದೇ ಒಂದು ಚಿನ್ನದ ನಾಣ್ಯ. ತೊಗರಿಬೇಳೆಯಷ್ಟಗಲ, ಸುಮಾರು ಮೂರು ಗುಲಗಂಜಿ ತೂಕ. ಕುಂಕುಮದ ಭರಣಿಯೊಳಗೆ ಹತ್ತಿಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬದ ದಿನ ಅದನ್ನು ಹೊರಗೆ ತೆಗೆದು, ಹಾಲಿನಲ್ಲಿ ಅದ್ದಿ, ಕಲಶದ ಕೆಳಗಿನ ಅಕ್ಕಿಯ ಮೇಲಿಟ್ಟು, ಸಂಜೆ ಆರತಿಯಾದ ಮೇಲೆ ಮತ್ತೆ ಭರಣಿಗೆ ಸೇರಿಸುತ್ತಿದ್ದರು. ಅದರ ಮೇಲೆ ಏನಿದೆ ಅಜ್ಜಿ ಅಂತ ಕೇಳಿದರೆ, 'ನರಸಿಂಹಸ್ವಾಮಿ ಕಣೋ, ಕೈ ಮುಗಿ' ಎನ್ನುವರು. ನನಗೆ ಕಾಣುತ್ತಿದ್ದುದು ಕುಂಕುಮ ಮೆತ್ತಿಕೊಂಡ ಒಂದಿಷ್ಟು ಉಬ್ಬುತಗ್ಗು ಮಾತ್ರ.

ಅಜ್ಜಿ ಹೋಗಿ ಎಷ್ಟೋ ವರ್ಷಗಳ ಮೇಲೆ, ಒಂದು ಭೂತಗನ್ನಡಿ ಕೈಗೆ ಬಂದಾಗ ಆ ಹಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಜ್ಜಿ ಹೇಳಿದ್ದು ನಿಜವಾಗಿತ್ತು. ಮಡಿಸಿದ ಕಾಲು, ಮೈಗೆ ಹೋಲಿಸಿದರೆ ದೊಡ್ಡದಾದ ತಲೆ, ಮೇಲೆತ್ತಿದ ಕೈಗಳು. ಕೂತಿರುವ ನರಸಿಂಹ. ಮಗುಚಿ ನೋಡಿದರೆ ಮೂರು ಸಾಲಿನಲ್ಲಿ ನಾಗರಿ ಅಕ್ಷರ, ನಡುನಡುವೆ ಗೆರೆ. 'ಶ್ರೀ ಕಂಠೀರವ'. ಮುನ್ನೂರು ವರ್ಷಕ್ಕೂ ಹಿಂದಿನ ಒಂದು ರಾಜ್ಯದ ದೇವರೂ ದೊರೆಯೂ ಬೆನ್ನಿಗೆ ಬೆನ್ನು ಕೊಟ್ಟು ನನ್ನ ಕಿರುಬೆರಳ ಉಗುರಿನಗಲದಲ್ಲಿ ಕೂತಿದ್ದರು. ಅವತ್ತಿನಿಂದ ಈ ನಾಣ್ಯಗಳ ಹುಚ್ಚು ನನಗೆ ಹತ್ತಿತು.

ಮೈಸೂರನ್ನು 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಸ್ವಂತ ಟಂಕಸಾಲೆ ತೆರೆದವರು. ಶ್ರೀರಂಗಪಟ್ಟಣದಲ್ಲಿ ನರಸಿಂಹನಿಗೆ ಗುಡಿ ಕಟ್ಟಿಸಿದವರೂ ಅವರೇ. ಕಂಠೀರವ ಎಂದರೆ ಸಿಂಹ. ನರಸ ಎಂಬುದು ನರಸಿಂಹನ ಹೆಸರು. ಹೀಗಾಗಿ ನಾಣ್ಯದ ಮೇಲೆ ಕೂತ ದೇವರು ದೊರೆಯ ಇಷ್ಟದೈವವೂ ಹೌದು, ದೊರೆಯ ಹೆಸರೂ ಹೌದು. ಓದು ಬಾರದ ರೈತನೊಬ್ಬ ಸಂತೆಯಲ್ಲಿ ಎತ್ತು ಮಾರಿ ಈ ಹಣವನ್ನು ಎಣಿಸಿಕೊಳ್ಳುವಾಗ ಹಿಂಬದಿಯ ನಾಗರಿ ಅಕ್ಷರ ಅವನಿಗೆ ತಿಳಿಯಬೇಕಾಗಿರಲಿಲ್ಲ. ಮುಂಬದಿಯ ನರಸಿಂಹ ಸಾಕಾಗಿತ್ತು. ಇದು ಯಾರ ನಾಣ್ಯ, ಯಾರ ಮಾತಿನ ಮೇಲೆ ಇದು ನಡೆಯುತ್ತದೆ ಎಂಬುದನ್ನು ಆ ಮೂರ್ತಿಯೇ ಹೇಳುತ್ತಿತ್ತು.

ದೇವರ ಚಿತ್ರವಿರುವ ಹಳೆಯ ನಾಣ್ಯಗಳನ್ನು ಇಂದು ನಾವು ಭಕ್ತಿಯ ಕಣ್ಣಿನಿಂದ ನೋಡುತ್ತೇವೆ, ಇಲ್ಲವೇ ಚಿನ್ನದ ದರದ ಕಣ್ಣಿನಿಂದ ನೋಡುತ್ತೇವೆ. ಅವು ಹುಟ್ಟಿದ್ದು ಪೂಜೆಗಾಗಿ ಅಲ್ಲ. ಸಂಬಳ ಕೊಡಲು, ಕಂದಾಯ ಕಟ್ಟಲು, ಮೆಣಸು ಕೊಳ್ಳಲು, ಕುದುರೆ ತರಿಸಲು ಹುಟ್ಟಿದವು. ದೇವರನ್ನು ಅದರ ಮೇಲೆ ಕೂರಿಸಿದ್ದು ಒಂದು ನಂಬಿಕೆಯ ಮುದ್ರೆಯಾಗಿ. ಇಷ್ಟು ತೂಕ, ಇಷ್ಟು ಬಣ್ಣದ ಚಿನ್ನ, ಇದರಲ್ಲಿ ಮೋಸವಿಲ್ಲ ಎಂದು ದೊರೆ ದೇವರನ್ನು ಸಾಕ್ಷಿಯಿಟ್ಟು ಜನರಿಗೆ ಹೇಳುವ ಮಾತು ಅದು. ಈ ಮಾತಿಗೆ ಕರ್ನಾಟಕದಷ್ಟು ಉದ್ದದ ಪುರಾವೆ ಕೊಡುವ ಇನ್ನೊಂದು ನಾಡನ್ನು ನಾನಂತೂ ಕಂಡಿಲ್ಲ.

ಹಣಕ್ಕಿಂತ ದೊಡ್ಡದು ವರಾಹ. ನಮ್ಮ ಶಾಸನಗಳಲ್ಲಿ ಗದ್ಯಾಣ, ಹೊನ್ನು ಎಂದೆಲ್ಲ ಬರುವ ಚಿನ್ನದ ನಾಣ್ಯ ಬರಬರುತ್ತಾ ವರಾಹವಾಯಿತು. ಚಾಲುಕ್ಯರ ಲಾಂಛನ ವರಾಹ. ಅವರ ನಾಣ್ಯಗಳ ಮೇಲಿದ್ದ ಹಂದಿಯ ಗುರುತಿನಿಂದ ಹೆಸರು ಉಳಿಯಿತು. ವಿಜಯನಗರದವರ ಮುದ್ರೆಯಲ್ಲೂ ವರಾಹವಿತ್ತು. ಸೋಜಿಗವೆಂದರೆ, ವರಾಹ ಎಂದು ಕರೆಸಿಕೊಂಡ ವಿಜಯನಗರದ ಚಿನ್ನದ ನಾಣ್ಯಗಳ ಮೇಲೆ ನಾವು ಕಾಣುವುದು ಹಂದಿಯನ್ನಲ್ಲ, ಬೇರೆ ಬೇರೆ ದೇವರುಗಳನ್ನು. ವರಾಹದ ತೂಕ ಸುಮಾರು 3.4 ಗ್ರಾಂ. ಅಗಲ ನಮ್ಮ ಅಂಗಿಯ ಗುಂಡಿಯಷ್ಟು. ಅದರ ಅರ್ಧಕ್ಕೆ ಪ್ರತಾಪ ಎಂದು ಹೆಸರು. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ಹಂಪೆಗೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಈ ಮೂರನ್ನೂ, ಅಂದರೆ ವರಾಹ, ಪ್ರತಾಪ, ಹಣಗಳನ್ನು ಹೆಸರಿಸಿ ಬರೆದಿಟ್ಟಿದ್ದಾನೆ. ಮೂರರಲ್ಲೂ ಚಿನ್ನಕ್ಕೆ ಬೇರೆ ಲೋಹ ಬೆರೆಸಿರುತ್ತದೆ ಎಂದೂ, ಎಲ್ಲಕ್ಕಿಂತ ಬಳಕೆಗೆ ಬರುವುದು ಆ ಚಿಕ್ಕ ಹಣವೇ ಎಂದೂ ಅವನು ಗಮನಿಸಿದ್ದ. ಆ ಪುಟ್ಟ ನಾಣ್ಯ ಎಷ್ಟು ಕೈ ಬದಲಿಸಿರಬೇಕು ಎಂದರೆ, ಕನ್ನಡದಲ್ಲಿ ಸಂಪತ್ತಿಗೆಲ್ಲ ಅದರ ಹೆಸರೇ ನಿಂತುಬಿಟ್ಟಿದೆ. ಇಂದು ಮೊಬೈಲಿನಲ್ಲಿ ಹಣ ಕಳಿಸುವಾಗಲೂ ನಾವು ಉಚ್ಚರಿಸುವುದು ಆ ಬೇಳೆಗಾತ್ರದ ನಾಣ್ಯದ ಹೆಸರನ್ನು.

ವಿಜಯನಗರದ ದೊರೆಗಳು ಒಂದೇ ದೇವರಿಗೆ ಅಂಟಿಕೊಂಡವರಲ್ಲ. ಮೊದಲ ಅರಸರ ನಾಣ್ಯಗಳ ಮೇಲೆ ಹನುಮಂತ, ಗರುಡ. ಇಮ್ಮಡಿ ಹರಿಹರನ ಕಾಲಕ್ಕೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹ ಮೂವರೂ ಕಾಣಿಸಿಕೊಳ್ಳುತ್ತಾರೆ. ಶಿವನೂ ವಿಷ್ಣುವೂ ಒಂದೇ ಖಜಾನೆಯಿಂದ ಹೊರಬಿದ್ದು ಒಂದೇ ಸಂತೆಯಲ್ಲಿ ಸರಿಸಮ ಬೆಲೆಗೆ ನಡೆದರು. ದೇವದೇವತೆಯರು ಜೋಡಿಯಾಗಿ ಕೂತ ಆ ವರಾಹಗಳಲ್ಲಿ ಅಚ್ಚು ಕೊರೆದವನ ಕೈಚಳಕ ನೋಡಬೇಕು. ಶಿವನ ತೊಡೆಗೆ ಒರಗಿದಂತೆ ಪಾರ್ವತಿ, ಶಿವನ ಮೇಲುಗೈಗಳಲ್ಲಿ ಆಯುಧಗಳು. ಇಷ್ಟೂ ವಿವರ ಅಂಗಿಯ ಗುಂಡಿಯಷ್ಟು ಜಾಗದಲ್ಲಿ. ಕಮ್ಮಟದಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತೂಗಿ ಇಟ್ಟ ಚಿನ್ನದ ಬಿಲ್ಲೆ, ಮೇಲಿಂದ ಒಂದು ಸುತ್ತಿಗೆಯ ಏಟು. ಏಟು ಸ್ವಲ್ಪ ವಾರೆಯಾದರೆ ದೇವರ ಕಿರೀಟ ಅಂಚಿನಾಚೆ ಉಳಿದುಬಿಡುತ್ತದೆ. ಒಂದರಂತೆ ಇನ್ನೊಂದಿಲ್ಲ. ಹಳೆಯ ನಾಣ್ಯದ ಚೆಂದವೇ ಅಲ್ಲಿದೆ; ಕಳ್ಳ ನಾಣ್ಯವನ್ನು ಗುರುತಿಸುವ ಸುಳಿವೂ ಎಷ್ಟೋ ಸಲ ಅಲ್ಲೇ ಇರುತ್ತದೆ.

ಕೃಷ್ಣದೇವರಾಯನ ಬಾಲಕೃಷ್ಣ ವರಾಹದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1514ರಲ್ಲಿ ಅವನು ಗಜಪತಿಗಳಿಂದ ಉದಯಗಿರಿ ಕೋಟೆಯನ್ನು ಗೆದ್ದ. ಅಲ್ಲಿದ್ದ ಬಾಲಕೃಷ್ಣನ ವಿಗ್ರಹವನ್ನು ಹಂಪೆಗೆ ತಂದು, ಅದಕ್ಕೆಂದೇ ಕೃಷ್ಣ ದೇವಾಲಯ ಕಟ್ಟಿಸಿ ಪ್ರತಿಷ್ಠೆ ಮಾಡಿದ. 1515ರ ಶಾಸನ ಆ ಗುಡಿಯಲ್ಲೇ ನಿಂತಿದೆ. ಹಂಪೆಗೆ ಹೋದವರೆಲ್ಲ ಕಡಲೆಕಾಳು ಗಣೇಶನನ್ನು, ಸಾಸಿವೆಕಾಳು ಗಣೇಶನನ್ನು ನೋಡಿ ಇಳಿಯುತ್ತಲೇ ಸಿಗುವ ಗುಡಿ ಅದು. ಗರ್ಭಗುಡಿ ಈಗ ಬರಿದು. ಭಿನ್ನವಾದ ಆ ವಿಗ್ರಹ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕೃಷ್ಣದೇವರಾಯನ ವರಾಹದ ಮೇಲೆ ಕಾಣುವುದೂ ಬಾಲಕೃಷ್ಣನೇ. ಒಂದು ಕಾಲು ಮಡಿಸಿ ಕೂತು, ಕೈಯಲ್ಲಿ ಬೆಣ್ಣೆಯುಂಡೆ ಹಿಡಿದ ಮಗು. ಹಿಂಬದಿಯಲ್ಲಿ ನಾಗರಿಯಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ'. ಗುಡಿಯಲ್ಲಿ ಕಾಣದ ಕೃಷ್ಣ ನಾಣ್ಯದಲ್ಲಿ ಉಳಿದಿದ್ದಾನೆ. ಹಂಪೆಯ ಬರಿದಾದ ಗರ್ಭಗುಡಿಯ ಮುಂದೆ ನಿಂತು ಈ ನಾಣ್ಯವನ್ನು ನೆನೆದಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಈ ವರಾಹ ತೀರಾ ಅಪರೂಪದ್ದೇನಲ್ಲ, ನಾಣ್ಯ ಸಂಗ್ರಾಹಕರ ನಡುವೆ ಇವತ್ತಿಗೂ ಕೈಬದಲಾಗುತ್ತದೆ. ಅಷ್ಟು ಧಾರಾಳವಾಗಿ ಅದನ್ನು ಅಚ್ಚು ಹಾಕಿಸಿದ್ದರು.

ಕೃಷ್ಣದೇವರಾಯನಿಗೆ ಬಾಲಕೃಷ್ಣ, ಕಂಠೀರವ ನರಸರಾಜರಿಗೆ ನರಸಿಂಹ. ಇಕ್ಕೇರಿಯ ಸದಾಶಿವ ನಾಯಕನ ವರಾಹದ ಮೇಲೆ ಶಿವಪಾರ್ವತಿಯರು, ಮುಂದೆ ಇಮ್ಮಡಿ ವೆಂಕಟಪತಿರಾಯನ ವರಾಹದ ಮೇಲೆ ಪ್ರಭಾವಳಿಯ ಕೆಳಗೆ ನಿಂತ ತಿರುಪತಿಯ ವೆಂಕಟೇಶ್ವರ. ದೊರೆಯ ಹೆಸರಿನಲ್ಲೇ ಅವನ ನಾಣ್ಯದ ದೇವರೂ ಇರುವ ಈ ಸಾಲು ಆಕಸ್ಮಿಕವಲ್ಲ ಎಂದೇ ನನ್ನ ಎಣಿಕೆ. ಎಲ್ಲ ಕಡೆಯೂ ಹೀಗೇ ಇಲ್ಲ ಎಂಬುದೂ ನಿಜ. ಅಚ್ಯುತರಾಯ ತನ್ನ ಹೊನ್ನಿನ ಮೇಲೆ ಗಂಡಭೇರುಂಡವನ್ನು ಹಾರಿಸಿದ, ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದ ಗಂಡಭೇರುಂಡ. ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವುದೂ ಅದೇ ಎರಡು ತಲೆಯ ಹಕ್ಕಿ. ತಾಳಿಕೋಟೆಯ ಸೋಲಿನ ಬಳಿಕ ಪೆನುಗೊಂಡೆಯಿಂದ ಆಳಿದ ತಿರುಮಲರಾಯ ಸೀತಾರಾಮರನ್ನೂ ಲಕ್ಷ್ಮಣನನ್ನೂ ಆರಿಸಿಕೊಂಡ. ಊರು ಬಿಟ್ಟು ಹೋದ ದೊರೆ ಕಾಡಿಗೆ ಹೋದ ರಾಮನನ್ನು ನೆನೆದನೇ? ಹಾಗೆಂದು ಯಾರೂ ಬರೆದಿಟ್ಟಿಲ್ಲ. ಆ ನಾಣ್ಯ ನೋಡಿದಾಗ ನನ್ನ ಮನಸ್ಸು ಮಾತ್ರ ಅತ್ತಲೇ ಹೋಗುತ್ತದೆ.

ದೇವರ ಚಿತ್ರ ನಂಬಿಕೆಯ ಮುದ್ರೆ ಎಂದೆನಲ್ಲ, ಅದಕ್ಕೆ ಗಟ್ಟಿ ಸಾಕ್ಷಿ ಹೈದರಾಲಿ. 1763ರಲ್ಲಿ ಅವನು ಬಿದನೂರನ್ನು ಗೆದ್ದು ಇಕ್ಕೇರಿ ನಾಯಕರ ಸಂಪತ್ತನ್ನೂ ನಾಡನ್ನೂ ವಶಪಡಿಸಿಕೊಂಡ. ಮಲೆನಾಡು, ಕರಾವಳಿಯ ಅಡಿಕೆ, ಮೆಣಸು, ಅಕ್ಕಿಯ ವ್ಯಾಪಾರವೆಲ್ಲ ಇಕ್ಕೇರಿ ವರಾಹದ ಮೇಲೆ ನಡೆಯುತ್ತಿತ್ತು. ಅದರ ಮೇಲೆ ಶಿವಪಾರ್ವತಿಯರಿದ್ದರು. ಹೈದರ್ ತನ್ನ ಬಹದ್ದೂರಿ ವರಾಹವನ್ನು ಅಚ್ಚು ಹಾಕಿಸಿದಾಗ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ ಮಾತ್ರ ದೊರೆಯ ಹೆಸರಿನ ಬದಲು ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲಕ್ಷರ, ಪರ್ಷಿಯನ್ ಲಿಪಿಯ ಒಂದೇ ಒಂದು 'ಹೇ'. ಒಂದು ಕಡೆ ಕೈಲಾಸ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರ. ಸಾಗರದ ಅಡಿಕೆ ಬೆಳೆಗಾರ ಮುಂಬದಿ ನೋಡಿ ನಂಬಿದ, ಹೈದರನ ಸೈನಿಕ ಹಿಂಬದಿ ನೋಡಿ ನಂಬಿದ. ಬೆಲೆ ಇಬ್ಬರಿಗೂ ಒಂದೇ. ನಮ್ಮ ನಾಡಿನ ಚರಿತ್ರೆಯನ್ನು ಒಂದೇ ವಸ್ತುವಿನಲ್ಲಿ ತೋರಿಸು ಎಂದು ಯಾರಾದರೂ ಕೇಳಿದರೆ ನಾನು ಈ ಬಹದ್ದೂರಿ ವರಾಹವನ್ನು ಅಂಗೈಯಲ್ಲಿಟ್ಟು ತೋರಿಸುತ್ತೇನೆ.

ಟಿಪ್ಪು ದೇವರ ಮೂರ್ತಿಗಳನ್ನು ತೆಗೆದ, ತಂದೆಯ 'ಹೇ' ಅಕ್ಷರವನ್ನು ಬಿಡಲಿಲ್ಲ. ಅವನು ಧರ್ಮವನ್ನು ನಾಣ್ಯದಲ್ಲಿ ತಂದದ್ದು ಚಿತ್ರದಿಂದಲ್ಲ, ಹೆಸರಿನಿಂದ. ಚಿನ್ನದ ಮೊಹರಿಗೆ ಪ್ರವಾದಿಯ ಹೆಸರಿನಿಂದ ಅಹ್ಮದಿ, ಅದರ ಅರ್ಧಕ್ಕೆ ಮೊದಲ ಖಲೀಫರ ನೆನಪಿನ ಸಿದ್ದೀಕಿ, ವರಾಹಕ್ಕೆ ಎರಡನೇ ಖಲೀಫ ಉಮರ್ ಫಾರೂಕರ ಹೆಸರಿನ ಫಾರೂಕಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದ ಮೇಲೆ ಶಿವಪಾರ್ವತಿಯರು ಮತ್ತೆ ಬಂದು ಕೂತರು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ನರಸಿಂಹನ ಹಣವೂ ಮರಳಿತು. ಹಳೆಯದಕ್ಕೆ ಅಗಲ ಕಂಠೀರಾಯಿ ಹಣ, ಹೊಸದಕ್ಕೆ ಗಿಡ್ಡ ಕಂಠೀರಾಯಿ ಹಣ ಎಂದು ಜನ ಕರೆದರು. ಮೈಸೂರಿನ ಕಂದಾಯದ ಲೆಕ್ಕ ಬಹುಕಾಲ ಕಂಠೀರಾಯಿ ವರಾಹ, ಕಂಠೀರಾಯಿ ಹಣಗಳಲ್ಲೇ ನಡೆಯಿತು. ದೊರೆ ತೀರಿಕೊಂಡು ನೂರೈವತ್ತು ವರ್ಷ ಕಳೆದರೂ ಅವನ ಹೆಸರಿನ ಮೇಲೆ ಲೆಕ್ಕ ಬರೆಯುತ್ತಿದ್ದರು ಎಂದರೆ ಆ ಮುದ್ರೆಯ ಬೆಲೆ ಎಷ್ಟಿರಬೇಕು!

ಬೇರೆ ಧರ್ಮದ ದೇವರನ್ನು ತನ್ನ ನಾಣ್ಯದ ಮೇಲೆ ಇಟ್ಟುಕೊಂಡದ್ದು ಹೈದರ್ ಒಬ್ಬನೇ ಅಲ್ಲ. ಮಹಮ್ಮದ್ ಘೋರಿ ಉತ್ತರದಲ್ಲಿ ಗೆದ್ದಾಗ, ಗಾಹಡವಾಲ ದೊರೆಗಳ ಚಿನ್ನದ ನಾಣ್ಯದ ಲಕ್ಷ್ಮಿಯನ್ನು ಹಾಗೆಯೇ ಇಟ್ಟು, ತನ್ನ ಹೆಸರನ್ನು ನಾಗರಿಯಲ್ಲಿ ಬರೆಸಿದ. ಅಕ್ಬರ್ ತನ್ನ ಕೊನೆಯ ವರ್ಷಗಳಲ್ಲಿ ಸೀತಾರಾಮರ ನಾಣ್ಯವನ್ನೇ ಹೊರಡಿಸಿದ. ಇವರೆಲ್ಲರಿಗಿಂತ ಸಾವಿರ ವರ್ಷಕ್ಕೂ ಮೊದಲು ಕುಶಾನರ ಕನಿಷ್ಕನ ಹೊನ್ನಿನ ಮೇಲೆ ಬುದ್ಧ ನಿಂತಿದ್ದಾನೆ, ಪಕ್ಕದಲ್ಲಿ ಗ್ರೀಕ್ ಅಕ್ಷರಗಳಲ್ಲಿ 'ಬೊದ್ದೊ' ಎಂದು ಬರೆದಿದೆ.

ಸಮುದ್ರ ದಾಟಿ ಬಂದ ವ್ಯಾಪಾರಿಗಳೂ ಈ ಮರ್ಮವನ್ನು ಬೇಗ ಅರಿತರು. ವರಾಹವನ್ನು ಅವರು ಪಗೋಡ ಎಂದರು. ಪೋರ್ಚುಗೀಸರು ನಮ್ಮ ಗುಡಿಗೂ ಗುಡಿಯೊಳಗಿನ ಮೂರ್ತಿಗೂ ಬಳಸುತ್ತಿದ್ದ ಪದವೇ ಅದು. ಮದರಾಸಿನಲ್ಲಿ ಕೋಟೆ ಕಟ್ಟಿದ ಇಂಗ್ಲಿಷ್ ಕಂಪನಿ ತನ್ನ ರಾಜನ ಮುಖದ ಚಿನ್ನದ ನಾಣ್ಯವನ್ನು ಸಂತೆಗೆ ತಳ್ಳಲಿಲ್ಲ. ಶ್ರೀದೇವಿ ಭೂದೇವಿಯರ ನಡುವೆ ನಿಂತ ವೆಂಕಟೇಶ್ವರನನ್ನು ಅಚ್ಚು ಹಾಕಿತು. ಮೂರು ಸ್ವಾಮಿ ಪಗೋಡ ಎಂದು ಅದಕ್ಕೆ ಹೆಸರು. ಆಮೇಲೆ ಒಂದು ಕಡೆ ವಿಷ್ಣು, ಇನ್ನೊಂದು ಕಡೆ ನಕ್ಷತ್ರವಿರುವ ಸ್ಟಾರ್ ಪಗೋಡ ಬಂತು. 1818ರಲ್ಲಿ ಮದರಾಸು ಪ್ರಾಂತ್ಯದ ಲೆಕ್ಕವನ್ನೆಲ್ಲ ಬೆಳ್ಳಿಯ ರೂಪಾಯಿಗೆ ಬದಲಿಸಿ, 100 ಪಗೋಡಕ್ಕೆ 350 ರೂಪಾಯಿ ಎಂದು ಗೊತ್ತುಮಾಡಿದಾಗ ದಕ್ಷಿಣದಲ್ಲಿ ಶತಮಾನಗಳಿಂದ ನಡೆದುಬಂದ ದೇವರ ಹೊನ್ನು ಸಂತೆಯಿಂದ ಹಿಂದೆ ಸರಿಯತೊಡಗಿತು.

ದೇವರ ಚಿತ್ರದ ನಾಣ್ಯ ಸಮುದ್ರದಾಚೆಯಿಂದ ನಮ್ಮಲ್ಲಿಗೆ ಬಂದದ್ದೂ ಉಂಟು. ಉತ್ತರ ಕರ್ನಾಟಕದ ಮನೆಗಳಲ್ಲಿ ಪುತಳಿ ಸರ ಗೊತ್ತಲ್ಲ, ತೆಳ್ಳನೆಯ ದುಂಡು ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದ್ದು? ಆ ಬಿಲ್ಲೆಯ ತವರು ಇಟಲಿಯ ವೆನಿಸ್. 1284ರಿಂದ ಆ ಗಣರಾಜ್ಯ ಮುಗಿದ 1797ರವರೆಗೂ ಹೆಚ್ಚುಕಡಿಮೆ ಒಂದೇ ಚಿತ್ರದಲ್ಲಿ ಹೊರಬಿದ್ದ ಡುಕಾಟ್ ನಾಣ್ಯ ಅದು. ಸುಮಾರು 3.5 ಗ್ರಾಂ ತೂಕ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಒಂದು ಬದಿಯಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸಿನ ಅಧಿಪತಿ, ಇಬ್ಬರ ನಡುವೆ ಧ್ವಜದ ಕೋಲು. ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ನಿಂತ ಏಸುಕ್ರಿಸ್ತ. ಮೆಣಸಿಗೆ ಬದಲಾಗಿ ಮಲಬಾರಿಗೆ ಬಂದ ಈ ನಾಣ್ಯವನ್ನು ನಮ್ಮ ಹೆಂಗಸರು ಕೊರಳಿಗೆ ಹಾಕಿಕೊಂಡರು. ಬೇಡಿಕೆ ಹೆಚ್ಚಿದಾಗ ನಮ್ಮ ಅಕ್ಕಸಾಲಿಗರೇ ಅದನ್ನು ನೋಡಿ ಮಾಡತೊಡಗಿದರು. ಲ್ಯಾಟಿನ್ ಅಕ್ಷರ ಅವರಿಗೆ ತಿಳಿಯದು, ಹಾಗಾಗಿ ಅಕ್ಷರವಿದ್ದ ಕಡೆ ಬರೀ ಗೀಟುಗಳು ಬಂದವು. ಸಂತನೂ ಅಧಿಪತಿಯೂ ಕೋಲು ಹಿಡಿದು ಎದುರುಬದುರು ನಿಂತ ಎರಡು ಗೊಂಬೆಗಳಾದರು. ಗೊಂಬೆ ಅಂದರೆ ಪುತ್ಥಳಿ, ಅದರಿಂದ ಪುತಳಿ. ಲಕ್ಷ್ಮೀಪೂಜೆಗೆ ಕೂತ ತಾಯಿಯ ಕೊರಳಲ್ಲಿ ವೆನಿಸಿನ ಸಂತ ಮಾರ್ಕ್ ಇದ್ದ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸಂತೆಯಿಂದ ಹಿಂದೆ ಸರಿದ ಹೊನ್ನು ಎಲ್ಲಿಗೆ ಹೋಯಿತು? ಬಹುಪಾಲು ಅಕ್ಕಸಾಲಿಯ ಮೂಸೆಗೆ. ಉಳಿದದ್ದು ದೇವರ ಮನೆಗೆ. ಸಂತೆಯಲ್ಲಿ ನಂಬಿಕೆಯ ಗುರುತಾಗಿದ್ದ ದೇವರು ಮನೆಯೊಳಗೆ ಬಂದು ದೇವರೇ ಆದ. ಅಕ್ಷರ ಮಾತ್ರ ಇದ್ದ ನಾಣ್ಯವನ್ನು ಕರಗಿಸಲು ಕೈ ಅಳುಕುವುದಿಲ್ಲ, ನರಸಿಂಹನನ್ನು ಕರಗಿಸಲು ಅಳುಕುತ್ತದೆ. ನಮ್ಮಜ್ಜಿಯಂಥ ಸಾವಿರಾರು ಅಜ್ಜಿಯರ ಆ ಅಳುಕಿನಿಂದಲೇ ಇಷ್ಟಾದರೂ ಉಳಿದಿದೆ.

ಆ ಅಳುಕು ಈಗ ಕಡಿಮೆಯಾಗುತ್ತಿದೆ, ಅದೇ ನನ್ನ ಸಂಕಟ. ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಮದುವೆಯ ಖರ್ಚಿನ ಸಂದರ್ಭದಲ್ಲಿ ಅಜ್ಜಿಯ ಕಾಸಿನ ಸರವನ್ನು ಹಳೆಯ ಚಿನ್ನಕ್ಕೆ ಹೊಸ ಚಿನ್ನ ಎಂದು ಒಂದು ದೊಡ್ಡ ಅಂಗಡಿಗೆ ಕೊಟ್ಟರು. ಸರದ ನಡುವೆ ಕೊಂಡಿ ಬೆಸೆದ ಎರಡು ವರಾಹಗಳಿದ್ದವು. ಕೌಂಟರಿನಲ್ಲಿದ್ದ ಹುಡುಗ ಅವನ್ನು ಮಗುಚಿಯೂ ನೋಡಲಿಲ್ಲ. ಯಂತ್ರದಲ್ಲಿಟ್ಟು ಕ್ಯಾರೆಟ್ ಕಡಿಮೆ ಇದೆ ಎಂದ, ತೂಕ ಹಾಕಿದ, ಬೆಸುಗೆಗೆಂದು ಇಷ್ಟು ಕಳೆದ. ಅರ್ಧ ಗಂಟೆಯಲ್ಲಿ ಎಲ್ಲವೂ ಕರಗಿ ಒಂದು ಗಟ್ಟಿಯಾಯಿತು. ಕ್ಯಾರೆಟ್ ಕಡಿಮೆ ಇದ್ದದ್ದು ನಿಜ. ವರಾಹ ಎಂದೂ ಅಪ್ಪಟ ಚಿನ್ನವಾಗಿರಲಿಲ್ಲ, ರಜಾಕನೇ ಹಾಗೆಂದು ಬರೆದಿದ್ದಾನೆ. ಅದರ ಬೆಲೆ ಇದ್ದದ್ದು ಕ್ಯಾರೆಟ್ಟಿನಲ್ಲಲ್ಲ. ಅವು ಯಾರ ವರಾಹಗಳು, ಮೇಲಿದ್ದವರು ಉಮಾಮಹೇಶ್ವರರೋ ಲಕ್ಷ್ಮೀನಾರಾಯಣರೋ ಎಂದು ತಿಳಿಯುವ ದಾರಿ ಇನ್ನಿಲ್ಲ. ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಅಂಗಡಿಯವನನ್ನು ದೂರಿ ಫಲವೇನು, ಕೊಟ್ಟವರು ನಾವೇ.

ಇನ್ನು ಇವತ್ತಿನ ದೇವರ ನಾಣ್ಯಗಳ ವಿಷಯ. ಅಕ್ಷಯ ತೃತೀಯದ ದಿನ ಚಿನಿವಾರ ಪೇಟೆಯಲ್ಲಿ ಸಾಲುಗಟ್ಟಿ ಮಾರುವ ಲಕ್ಷ್ಮಿ, ಗಣಪತಿಯ ಚಿನ್ನದ ಬಿಲ್ಲೆಗಳನ್ನು ನಾವು ನಾಣ್ಯ ಎನ್ನುತ್ತೇವೆ. ಕಾನೂನಿನ ಪ್ರಕಾರ ಅವು ನಾಣ್ಯವಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಹೊರಡಿಸುವ ಅಧಿಕಾರ ಕೇಂದ್ರ ಸರ್ಕಾರದ್ದು ಮಾತ್ರ. 2015ರ ನವೆಂಬರಿನಲ್ಲಿ ಸರ್ಕಾರ ಭಾರತೀಯ ಚಿನ್ನದ ನಾಣ್ಯ ಎಂದು ತಂದದ್ದರ ಮೇಲೆ ದೇವರಿಲ್ಲ, ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ. ಅಂಗಡಿಯ ಲಕ್ಷ್ಮಿ ಬಿಲ್ಲೆ ಆಭರಣದ ಸಾಲಿಗೆ ಸೇರಿದ್ದು. ಕೊಳ್ಳುವಾಗ ಮಜೂರಿ ಕೊಡುತ್ತೀರಿ, ಮಾರುವಾಗ ಅದು ಹಿಂದಿರುಗುವುದಿಲ್ಲ. ಬ್ಯಾಂಕಿನಲ್ಲಿ ಕೊಂಡ ಚಿನ್ನದ ಬಿಲ್ಲೆಯನ್ನು ಬ್ಯಾಂಕು ವಾಪಸು ಕೊಳ್ಳುವುದಿಲ್ಲ ಎಂಬುದು ಮಾರಲು ಹೋದಾಗಲೇ ಬಹಳ ಜನರಿಗೆ ಗೊತ್ತಾಗುತ್ತದೆ. ಇವನ್ನು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಮಗುವಿನ ನಾಮಕರಣಕ್ಕೆ, ಮಗಳ ಮದುವೆಗೆ ಒಂದು ಲಕ್ಷ್ಮಿ ಬಿಲ್ಲೆ ಕೊಡುವುದರಲ್ಲಿ ಪ್ರೀತಿಯಿದೆ. ಯಂತ್ರದಲ್ಲಿ ಲಕ್ಷಗಟ್ಟಲೆ ಒಂದೇ ರೀತಿ ಒತ್ತಿದ್ದು ಮುಂದೆ ಅಪರೂಪದ ಸಂಗ್ರಹವಾಗಿ ಬೆಲೆ ಏರೀತು ಎಂಬ ಆಸೆ ಮಾತ್ರ ಬೇಡ. ತಿರುಪತಿಯಲ್ಲಿ ದೇವಸ್ಥಾನದವರೇ ಮಾರುವ ಶ್ರೀನಿವಾಸ, ಪದ್ಮಾವತಿಯರ ಚಿನ್ನದ ಡಾಲರ್ ನೋಡಿದಾಗ ನನಗೆ ವೆಂಕಟಪತಿರಾಯನ ವರಾಹ ನೆನಪಾಗುತ್ತದೆ. ದೇವರು ಅದೇ. ಆಗ ಅದರ ಬೆನ್ನ ಹಿಂದೆ ಒಂದು ರಾಜ್ಯವಿತ್ತು, ಈಗ ಭಕ್ತನ ನೆನಪಿದೆ.

ಮೋಸದ ಬಗ್ಗೆ ಕಟುವಾಗಿಯೇ ಹೇಳಬೇಕು. ಈಸ್ಟ್ ಇಂಡಿಯಾ ಕಂಪನಿ 1818ರಲ್ಲಿ ಹೊರಡಿಸಿದ್ದು ಎಂದು ರಾಮಪಟ್ಟಾಭಿಷೇಕದ, ಹನುಮಂತನ ಚಿತ್ರವಿರುವ ತಾಮ್ರದ ನಾಣ್ಯಗಳನ್ನು, ಅವಕ್ಕೆ ಚಿನ್ನದ ನೀರು ಹಾಕಿದವನ್ನು ಊರೂರಲ್ಲಿ ತೋರಿಸುತ್ತಾರೆ. ಅಕ್ಕಿಕಾಳನ್ನು ಎಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎನ್ನುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಯಾವ ನಾಣ್ಯವೂ ಅಕ್ಕಿ ಎಳೆಯುವುದಿಲ್ಲ. ರಾಮಟಂಕೆ ಎಂಬ ಪೂಜೆಯ ಮುದ್ರೆಗಳು ಹಿಂದಿನಿಂದಲೂ ಇವೆ, ಅವನ್ನು ಭಕ್ತಿಯಿಂದ ಮಾಡಿಸಿ ಇಟ್ಟುಕೊಂಡರು. ಯಾವ ದೊರೆಯೂ ಸಂತೆಗೆ ಬಿಟ್ಟ ನಾಣ್ಯಗಳಲ್ಲ ಅವು. ಇನ್ನೊಂದು ಮೋಸ ಮಧ್ಯ ಕರ್ನಾಟಕದ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಸುದ್ದಿಯಾಗುತ್ತಿರುತ್ತದೆ. ಮನೆಯ ಪಾಯ ತೋಡುವಾಗ ಒಂದು ಗಡಿಗೆ ಸಿಕ್ಕಿತು, ಬಂಗಾರದ ನಾಣ್ಯಗಳಿವೆ, ಹೊರಗೆ ಗೊತ್ತಾದರೆ ಸರ್ಕಾರ ಕಿತ್ತುಕೊಳ್ಳುತ್ತದೆ, ಕಡಿಮೆಗೆ ಕೊಡುತ್ತೇನೆ ಎಂಬ ಫೋನ್ ಬರುತ್ತದೆ. ಪರೀಕ್ಷೆಗೆಂದು ಮೊದಲು ಕೊಡುವ ಒಂದೆರಡು ಹಣ ಅಸಲಿ ಚಿನ್ನವೇ ಆಗಿರುತ್ತದೆ. ಒರೆಗಲ್ಲಿಗೆ ಹಚ್ಚಿ ನಂಬಿದ ಮೇಲೆ ಲಕ್ಷಗಟ್ಟಲೆ ಕೊಟ್ಟು ತಂದ ಚೀಲದಲ್ಲಿ ಇರುವುದು ಹಿತ್ತಾಳೆ. ಒಂದು ಕಾಲದಲ್ಲಿ ಮೋಸವಿಲ್ಲ ಎಂದು ಸಾರಲು ಕೂರಿಸಿದ ದೇವರನ್ನೇ ಮೋಸಕ್ಕೆ ಬಳಸುವವರಿಗೆ ನನ್ನಲ್ಲಿ ಕ್ಷಮೆಯಿಲ್ಲ.

ನಿಜವಾಗಿ ನೆಲದಲ್ಲಿ ನಿಧಿ ಸಿಕ್ಕಿದರೆ ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು, ಮುಚ್ಚಿಡುವುದು ಅಪರಾಧ. ತಲೆಮಾರಿನಿಂದ ಮನೆಯಲ್ಲಿರುವ ನಾಣ್ಯದ ಮಾತು ಬೇರೆ, ಅದು ನಿಮ್ಮದೇ. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುಗಳ ಕುರಿತ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ವರಾಹವನ್ನು ಉಡುಗೊರೆ ಎಂದು ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸುವ ಮುನ್ನ ಇದು ಗೊತ್ತಿರಲಿ.

ಮನೆಯಲ್ಲಿ ಇಟ್ಟುಕೊಂಡವರು ಅದನ್ನು ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ಚಿನ್ನ ಮೆತ್ತಗಿನ ಲೋಹ, ಮೊದಲು ಸವೆಯುವುದು ದೇವರ ಮುಖ. ಕುಂಕುಮ ಗಟ್ಟಿಯಾಗಿ ಕೂತಿದ್ದರೆ ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಹೊಸದಾಗಿ ತೂತು ಕೊರೆಸಬೇಡಿ, ಕೊಂಡಿ ಬೆಸೆಸಬೇಡಿ. ಅಂಚಿನಿಂದ ಹಿಡಿಯಿರಿ. ಎರಡೂ ಬದಿಯ ಫೋಟೊ ತೆಗೆದು, ತೂಕ ಬರೆದು, ಯಾರಿಂದ ಯಾರಿಗೆ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಹೋಲಿಸಿ ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಹಂಪೆಯ ಪಕ್ಕದ ಕಮಲಾಪುರದ ಪುರಾತತ್ವ ಮ್ಯೂಸಿಯಂನಲ್ಲಿ ವಿಜಯನಗರದ ನಾಣ್ಯಗಳಿವೆ. ಉಡುಪಿಯಲ್ಲಿ, ಆಗಿನ ಕಾರ್ಪೊರೇಷನ್ ಬ್ಯಾಂಕಿನವರು ತಮ್ಮ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಮಾಡಿದ ನಾಣ್ಯ ಸಂಗ್ರಹಾಲಯವಿದೆ. ಓದುವವರಿಗೆ ಡಾ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ ಬರೆದ ಪುಸ್ತಕವಿದೆ.

ಮುಂದಿನ ಸಲ ಹಳೆಯ ಚಿನ್ನ ಬದಲಿಸಲು ಹೊರಡುವಾಗ ದಯವಿಟ್ಟು ಒಂದು ದಿನ ತಡೆಯಿರಿ. ಸರವನ್ನು ಬಿಸಿಲಿಗೆ ಹಿಡಿದು ಒಂದೊಂದು ಕಾಸನ್ನೂ ಮಗುಚಿ ನೋಡಿ. ಒಂದು ಬದಿಯಲ್ಲಿ ಕೂತ ದೇವರು, ಇನ್ನೊಂದು ಬದಿಯಲ್ಲಿ ಮೂರು ಸಾಲು ಅಕ್ಷರ ಕಂಡರೆ ಅಷ್ಟನ್ನು ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಅಂಗಡಿಗೆ ಒಯ್ಯಿರಿ.